ಕೈ ಚೆಲ್ಲೋದು ಅಂದ್ರೆ

ಜುಲೈ ೮, ಸೋಮವಾರ

ನಾಲ್ಕನೇ ಕ್ಲಾಸು. ಈ ವರ್ಷವೂ ಅದೇ ಪಾಠ — ಗೊತ್ತಿಲ್ಲದ ಪದ ಬಂದರೆ ಗಾಬರಿ ಬೇಡ. ಹಿಂದಿನ ಮಾತು ನೋಡಿ, ಮುಂದಿನ ಮಾತು ನೋಡಿ, ಅರ್ಥ ತಾನಾಗಿ ಸಿಗುತ್ತದೆ. ಬೋರ್ಡಿನ ಮೇಲೆ: 'ಊಟವಿಲ್ಲದೆ ನಾಯಿ ಬಡಕಲಾಗಿತ್ತು. ಪಕ್ಕೆಲುಬು ಎಣಿಸಬಹುದಿತ್ತು.' ಬಡಕಲು ಅಂದರೆ?

"ಬಡವರ ನಾಯಿ, ಮಿಸ್!" — ಮುಂದಿನ ಬೆಂಚಿನ ಲಾಯರಮ್ಮ. ಎಲ್ಲದಕ್ಕೂ ವಾದ ಅವಳದು. ಕ್ಲಾಸೆಲ್ಲ ನಕ್ಕಿತು. ನಾನೂ.

ಸರಿಯಾಗಿ ಹೇಳಿದ್ದು ಬುಗುರಿ. ಕೂತಲ್ಲಿ ಕೂರುವವಳಲ್ಲ, ಅದಕ್ಕೇ ಆ ಹೆಸರು. ಅವಳಮ್ಮ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರಂತೆ. "ಇನ್ಮೇಲೆ ಆಸ್ಪತ್ರೆ ಬೇಡ್ವಂತೆ ಮಿಸ್!" ಮುಖ ಮೊರದಗಲ.

ಹೋಮ್‌ವರ್ಕ್ ಕೊಟ್ಟೆ: ಮನೆಯಲ್ಲಿ ದೊಡ್ಡವರು ಆಡಿದ, ನಿಮಗೆ ಅರ್ಥವಾಗದ ಒಂದು ಮಾತು ಹಿಡಿದು ತನ್ನಿ.

ಜುಲೈ ೯, ಸಂಜೆ

ಹೋಮ್‌ವರ್ಕಿನ ಮಾತುಗಳನ್ನು ಒಬ್ಬೊಬ್ಬರಿಂದ ಹೇಳಿಸಿದೆ.

ಶುರುವಿನಲ್ಲಿ ಚೆನ್ನಾಗಿಯೇ ಇತ್ತು. "ಯಾರೋ ನಮ್ಮಪ್ಪಂಗೆ ಟೋಪಿ ಹಾಕಿದ್ರಂತೆ ಮಿಸ್, ಆದ್ರೆ ತಲೆ ಮೇಲೆ ಏನೂ ಇಲ್ಲ!" ನಕ್ಕು ನಕ್ಕು ಸುಸ್ತು. ಆಮೇಲೆ ಬುಗುರಿ ಎದ್ದಳು.

"ಕೈ ಚೆಲ್ಲೋದು ಅಂದ್ರೇನು ಮಿಸ್? ನೀರು ಚೆಲ್ಲೋ ಹಾಗಾ?"

ಆಗಲೇ ಕೂರಿಸಬೇಕಿತ್ತು. ಬಾಯಿಗೆ ಅಭ್ಯಾಸ ನೋಡಿ... "ಹಿಂದೆ ಏನಂದ್ರು? ಮುಂದೆ ಏನಾಯ್ತು?"

"ಚಿಕ್ಕಮ್ಮ ಅಜ್ಜಿಗೆ ಹೇಳಿದ್ರು — ಡಾಕ್ಟ್ರು ಕೈ ಚೆಲ್ಲಿಬಿಟ್ರು, ಅಕ್ಕಂಗೆ ಮಾತ್ರ ಗೊತ್ತಾಗ್ಬಾರ್ದು ಅಂತ. ಅಜ್ಜಿ ನಲ್ಲಿ ಬಿಟ್ಕೊಂಡು ಅತ್ರು."

ಸಾಕು ಎನ್ನುವಷ್ಟರಲ್ಲಿ ಲಾಯರಮ್ಮ ಎದ್ದಾಗಿತ್ತು. "ನಾನ್ ಹೇಳ್ತೀನಿ! ಅಜ್ಜಿ ಅತ್ರು, ಅಂದ್ರೆ ಕೆಟ್ಟದ್ದು. ಆಸ್ಪತ್ರೆ ಬೇಡ ಅಂದ್ರು, ಅಂದ್ರೆ ಇನ್ನು ಔಷಧಿ ಇಲ್ಲ. ಡಾಕ್ಟ್ರ ಕೈಲಿ ಆಗಲ್ಲ ಅಂತ ಅರ್ಥ!"

ಹಿಂದಿನ ಬೆಂಚಿನಲ್ಲಿ ಚಪ್ಪಾಳೆ. ಸರಿಯುತ್ತರಕ್ಕೆ ಚಪ್ಪಾಳೆ ತಟ್ಟಬೇಕೆಂದು ನಾನೇ ಕಲಿಸಿದ್ದು.

ಬುಗುರಿ ನನ್ನನ್ನೇ ನೋಡಿದಳು. "ತಪ್ಪು ಅಲ್ವಾ ಮಿಸ್?"

ತಪ್ಪು ಎನ್ನಲಿಲ್ಲ. ಸರಿ ಎನ್ನಲೂ ಇಲ್ಲ. ಡಸ್ಟರ್ ತೆಗೆದುಕೊಂಡು ಬೋರ್ಡ್ ಒರೆಸಿದೆ. ಅದರಿಂದಲೇ ಅವಳಿಗೆ ತಿಳಿದುಹೋಯಿತು.

ಜುಲೈ ೧೦

ಬುಗುರಿ ಬರಲಿಲ್ಲ. ಅವಳಪ್ಪ ಬಂದರು. ವ್ಯಾನ್ ಓಡಿಸುವವರು, ಕೀ ಇನ್ನೂ ಕೈಯಲ್ಲೇ.

"ಓದೋದು ಕಲ್ಸಿ ಅಂದ್ರೆ ಇದನ್ನಾ ಮಿಸ್ ಕಲ್ಸೋದು? ವಾಸಿ ಆಗ್ತಿದೆ ಅನ್ಕೊಂಡು ನನ್ ಹೆಂಡ್ತಿ ನೆಮ್ಮದಿಯಾಗಿದ್ಲು. ನಾವ್ಯಾರೂ ಹೇಳಿರ್ಲಿಲ್ಲ. ಮಗು ಮಂಚದ ಹತ್ರ ನಿಂತ್ಕೊಂಡು ಕೇಳ್ತು — ಅಮ್ಮಾ, ಡಾಕ್ಟ್ರ ಕೈಲಿ ಆಗಲ್ವಂತೆ, ಹೌದಾ ಅಂತ."

ಸಾರಿ ಎಂದೆ.

"ನಿಮ್ ಸಾರಿ ನೀವೇ ಇಟ್ಕೊಳ್ಳಿ."

ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

ಜುಲೈ ೧೩, ಶನಿವಾರ

ಅವಳಮ್ಮನೇ ಹೇಳಿಕಳಿಸಿದ್ದರು. ಹೋದೆ. ಮಂಚವನ್ನು ಹಾಲಿಗೆ ತಂದು ಕಿಟಕಿ ಪಕ್ಕ ಹಾಕಿದ್ದಾರೆ. ಅವಳಪ್ಪ ನನ್ನನ್ನು ಕಂಡು ಅಡುಗೆಮನೆಗೆ ಹೋದವರು ಹೊರಗೆ ಬರಲಿಲ್ಲ.

ಅವಳಮ್ಮ ನನಗಿಂತ ಚಿಕ್ಕವರು. ಮಣಿಕಟ್ಟು ಕಡ್ಡಿಯಂತಾಗಿದೆ.

"ನಂಗೂ ಅನುಮಾನ ಇತ್ತು ಮಿಸ್. ಎಲ್ರೂ ಒಂದೇ ಸಮ ನಗ್ತಿದ್ರೆ ಗೊತ್ತಾಗಲ್ವಾ? ಆದ್ರೂ... ಆ ಮಾತು ಅವಳ ಬಾಯಿಂದ ಬರಬಾರದಿತ್ತು."

ತಲೆ ತಗ್ಗಿಸಿದೆ.

"ಈಗ ನನ್ ಹತ್ರಾನೇ ಬರಲ್ಲ. ತಾನು ಹೇಳಿದ್ದಕ್ಕೇ ಹೀಗಾಯ್ತು ಅನ್ಕೊಂಡಿದಾಳೆ. ಇರೋ ನಾಲ್ಕು ದಿನಾನೂ ಹೀಗೇ ಹೋದ್ರೆ? ನಿಮ್ ಮಾತು ಕೇಳ್ತಾಳೆ. ನೀವು ಹೇಳಿ."

ಒಳಕೋಣೆಯಲ್ಲಿ, ಬೀರುವಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಕೂತಿದ್ದಳು. ಅಲುಗಾಟವಿಲ್ಲ. ಎದುರಿಗೆ ನೆಲದ ಮೇಲೆ ಕೂತೆ.

"ಮಾತಿಂದ ಕಾಯಿಲೆ ಬರಲ್ಲ ಕಂದ. ನೀನು ಕೇಳೋಕೆ ಮುಂಚೇನೇ ಇತ್ತು."

"ಮತ್ತೆ ಅವತ್ತು ತಪ್ಪು ಅಂತ ಯಾಕೆ ಹೇಳ್ಲಿಲ್ಲ?"

"ಸುಳ್ಳಾಗ್ತಿತ್ತು."

"ಸುಳ್ಳೇ ಹೇಳ್ಬೇಕಿತ್ತು ಮಿಸ್."

ಅವಳ ಪಕ್ಕಕ್ಕೆ ಸರಿದು ಗೋಡೆಗೆ ಒರಗಿ ಕೂತೆ. ಕೊನೆಗೆ ನಾನು ಎದ್ದಾಗ ಹಿಂದೆಯೇ ಬಂದಳು. ಅಮ್ಮ ಹೊದಿಕೆಯ ಅಂಚು ಎತ್ತಿ ಹಿಡಿದರು. ಎತ್ತಿದ ಕೈ ಇಳಿಸಲಿಲ್ಲ. ಬುಗುರಿ ನಿಂತಳು, ನಿಂತಳು... ಆಮೇಲೆ ಒಳಗೆ ನುಸುಳಿದಳು.

ಚಪ್ಪಲಿ ಹುಡುಕಲು ನನಗೆ ಕಣ್ಣು ಕಾಣಲಿಲ್ಲ.

ಜುಲೈ ೨೯

ಹೋದರು. ಬೆಳಿಗ್ಗೆ. ಮಗಳು ಪಕ್ಕದಲ್ಲೇ ಮಲಗಿದ್ದಳಂತೆ. ಚಿಕ್ಕಮ್ಮನ ಫೋನ್: "ಬೇಜಾರ್ ಮಾಡ್ಕೋಬೇಡಿ ಮಿಸ್. ನೀವು ಬರೋದು ಬೇಡ ಅಂದ್ರು ಭಾವ."

ಹೋಗಲಿಲ್ಲ.

ಆಗಸ್ಟ್ ೧೨, ಸೋಮವಾರ

ಬುಗುರಿ ಬಂದಳು. ಬೆಳಗಿನಿಂದ ಕೂತಲ್ಲೇ ಕೂತಿದ್ದಳು. ಲಾಯರಮ್ಮ ತನ್ನ ಪೆನ್ಸಿಲ್ ಬಾಕ್ಸನ್ನೇ ಅವಳ ಕಡೆ ತಳ್ಳಿದಳು; ಮುಟ್ಟಲಿಲ್ಲ.

ಪಾಠದಲ್ಲಿ 'ನಿಬಿಡ' ಬಂತು. ನಿಬಿಡವಾದ ಕಾಡು, ಬಿಸಿಲೂ ನೆಲ ಮುಟ್ಟುತ್ತಿರಲಿಲ್ಲ. ಏನಿರಬಹುದು? ಒಂದು ಕೈಯೂ ಮೇಲೇಳಲಿಲ್ಲ. ಲಾಯರಮ್ಮನದೂ ಇಲ್ಲ.

ಬುಗುರಿಯೇ ಹೇಳಿದಳು, ಮೆಲ್ಲಗೆ: "ನೀವೇ ಹೇಳ್ಬಿಡಿ ಮಿಸ್. ನಾವು ಊಹೆ ಮಾಡಲ್ಲ."

ದಟ್ಟವಾದ, ಎಂದೆ. ಎಲ್ಲರೂ ಬರೆದುಕೊಂಡರು.

ನಾಳೆಯ ಪಾಠದಲ್ಲಿ ಹೊಸ ಪದ ಏನೇನಿವೆ ನೋಡೋಣವೆಂದು ಈಗ ಪುಸ್ತಕ ತೆಗೆದೆ. ಮೊದಲ ಸಾಲಿನಲ್ಲೇ ಒಂದಿತ್ತು; ಪಕ್ಕದಲ್ಲಿ ಪೆನ್ಸಿಲಿನಿಂದ ಅರ್ಥ ಬರೆದಿಟ್ಟೆ.