ಮುಂದಿನ ಗೋಡೆಗೆ ಯಾವ ಬಣ್ಣ

ಫೆಬ್ರವರಿ 9

ಮತ್ತೆ ಟೈಲ್ಸ್ ಅಂಗಡಿ. ಅಕ್ಕ ಅಫ್ರಕೋಮಾಗೆ ಮುಖ ಕಾಣುವಷ್ಟು ಹೊಳೆಯುವ ಟೈಲ್ಸೇ ಬೇಕು. ಅಮ್ಮ ನೆಲದ ಮೇಲೆ ಜಾರಿಯೇ ಸೊಂಟ ಮುರಿದುಕೊಂಡದ್ದು ಇವಳಿಗೆ ಮರೆತೇಹೋಗಿದೆ. ಜಗಳವಾಡಿ ತರಿತರಿಯಾಗಿರುವ, ಮಣ್ಣಿನ ಬಣ್ಣದ್ದೇ ತೆಗೆದುಕೊಂಡೆ. ಆಪರೇಷನ್ ಚೆನ್ನಾಗಿ ಆಗಿದೆ, ದಿನಾ ನಡೆಸಿದರೆ ಈಸ್ಟರ್ ಹೊತ್ತಿಗೆ ಮನೆಗೆ ಕಳಿಸುತ್ತೇವೆ ಅಂದಿದ್ದಾರೆ ಡಾಕ್ಟರು. ಅಷ್ಟರೊಳಗೆ ನೆಲ, ಬಣ್ಣ, ಎತ್ತರದ ಮಂಚ — ಎಲ್ಲ ಮುಗಿಯಬೇಕು. ಅಮ್ಮನಿಗೆ ಹೇಳುವುದಿಲ್ಲ. ಬಾಗಿಲಲ್ಲಿ ನಿಂತು ಕಣ್ಣರಳಿಸುವುದನ್ನು ನೋಡಬೇಕು.

ಫೆಬ್ರವರಿ 16

ತಿಳಿ ಹಸಿರು. ಬಾಳೆಲೆಯ ಹಿಂಭಾಗದ ಹಸಿರು. ಮೇಸ್ತ್ರಿ ಡ್ವೊಮೊ ಮೂಗು ಮುರಿದ. ಇಂಥ ಕೆಲಸಕ್ಕೆ ಎಲ್ಲರೂ ಬಿಳಿಯನ್ನೇ ಕೇಳುತ್ತಾರಂತೆ. ಎಂಥ ಕೆಲಸ ಅಂತ ಕೇಳಲು ಹೊಳೆಯಲೇ ಇಲ್ಲ. ಹಸಿರೇ ಅಂದೆ. ಪಕ್ಕದ ಗೋಡೆಗಳಿಂದ ಶುರು ಮಾಡಿದ.

ಫೆಬ್ರವರಿ 19, ಸಂಜೆ

ಪಕ್ಕದ ಮನೆಯ ಬಾದುವಾ ಚಿಕ್ಕಮ್ಮ ಕಪ್ಪು ಬಟ್ಟೆ ಉಟ್ಟು ಬಂದರು. ನನ್ನ ಎರಡೂ ಕೈ ಹಿಡಿದುಕೊಂಡು, "ಯಾವಾಗ ಹೋದ್ಲು, ಸೆರ್ವಾ?"

ನಗು ಬಂತು. ಆಮೇಲೆ ಹೊಳೆಯಿತು. ರಾಜಧಾನಿ ಅಕ್ರಾದಲ್ಲಿ ಇದ್ದೂ ಇದ್ದೂ ಇದನ್ನೂ ಮರೆತೆನೇ... ನಮ್ಮೂರಲ್ಲಿ ಹೀಗೆ ಅವಸರದಲ್ಲಿ ಬಣ್ಣ ಬಳಿಸುವುದು ಶವಾಗಾರದಲ್ಲಿ ಹೆಣ ಇಟ್ಟುಕೊಂಡವರು. ಮನೆ ಹೊಸದಾದ ಮೇಲೇ ಹೆಣ ತಂದು, ಎತ್ತರದ ಮಂಚದಲ್ಲಿ ಮಲಗಿಸಿ ಊರಿಗೆಲ್ಲ ತೋರಿಸುವುದು.

ಅಮ್ಮ ಬದುಕಿದ್ದಾಳೆ ಅಂದೆ. ಚಿಕ್ಕಮ್ಮ ಮೆಲ್ಲಗೆ ತಲೆಯಾಡಿಸಿದರು. ಕುಟುಂಬದ ಹಿರಿಯರಿಗೆ ಸುದ್ದಿ ಮುಟ್ಟುವ ತನಕ ಯಾರ ಮನೆಯಲ್ಲಾದರೂ ಹಾಗೇ ಹೇಳುತ್ತಾರಲ್ಲ. ನಾನು ಇಲ್ಲ ಇಲ್ಲ ಅಂದಷ್ಟೂ ಅವರಿಗೆ ಖಾತ್ರಿಯಾಯಿತು.

ಫೆಬ್ರವರಿ 21

ಚರ್ಚಿನ ಗೆಳತಿಯೊಬ್ಬಳು ಆಸ್ಪತ್ರೆಗೆ ಹೋಗಿ, ನಿನ್ನ ಮನೆ ಎಷ್ಟು ಚೆಂದ ಮಾಡಿಸ್ತಿದ್ದಾರೆ ಅಂದುಬಿಟ್ಟಿದ್ದಾಳೆ. ನಾನು ಹೋಗುವಷ್ಟರಲ್ಲಿ ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದ್ದಳು. ನೆಲ, ಮಂಚ, ನನ್ನ ಗುಟ್ಟು — ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

"ಡಾಕ್ಟ್ರು ನಿಮ್ಮಿಬ್ಬರಿಗೆ ಏನಂದ್ರು? ನಿಜ ಹೇಳು."

ವಾಸಿಯಾಗ್ತಿದ್ದೀಯ ಅಂದೆ. ಬೈಬಲ್ ಮುಟ್ಟಿ ಆಣೆ ಹಾಕಿದೆ.

"ನಿಮ್ಮಪ್ಪ ಕೇಳಿದಾಗ ನಾನೂ ಆಣೆ ಹಾಕಿದ್ದೆ ಕಣೆ. ಬಣ್ಣದ ಡಬ್ಬ ಆಗಲೇ ತಂದಿಟ್ಟಾಗಿತ್ತು."

  

ಫೆಬ್ರವರಿ 27

ನಡೆಯಲು ಒಪ್ಪುತ್ತಿಲ್ಲ. ನರ್ಸ್ ಹಿಡಿದೆತ್ತಿದರೂ ಪಾದ ಊರುವುದಿಲ್ಲ. ಗಂಜಿ ಎರಡು ಚಮಚ, ಸಾಕು ಅನ್ನುತ್ತಾಳೆ. ದುಃಖಕ್ಕಿಂತ ಸಿಟ್ಟೇ ಹೆಚ್ಚು ನನಗೆ. ನನ್ನ ಮೇಲೆ, ಆ ಹಸಿರಿನ ಮೇಲೆ.

ಕೆಲಸ ನಿಲ್ಲಿಸಿದ್ದೇನೆ, ಮನೆ ಮುಂದಿನ, ಬೀದಿ ಕಡೆಯ ಗೋಡೆ ಇನ್ನೂ ಬಾಕಿ ಇದೆ ಅಂದೆ. ಆಗ ನನ್ನತ್ತ ತಿರುಗಿದಳು.

"ಅದನ್ನ ಮುಟ್ಟಿಸಬೇಡ. ಅರ್ಧ ಬಳಿದ ಮನೇಲಿ ಯಾರೂ ಹೆಣ ಇಡಲ್ಲ."

ಮುಟ್ಟಿಸಲ್ಲ ಅಂತ ಮಾತು ಕೊಟ್ಟೆ. ಬಟ್ಟಲು ಖಾಲಿ ಮಾಡಿದಳು.

ಏಪ್ರಿಲ್ 22

ಅಮ್ಮ ಮನೆಗೆ ಬಂದು ನಾಲ್ಕು ದಿನವಾಯಿತು! ಗಾಲಿಕುರ್ಚಿಯಲ್ಲಿ. ನಡೆಯದೇ ಕಳೆದ ದಿನಗಳಲ್ಲಿ ಕಾಲು ಸೋತುಹೋಯಿತು, ಇನ್ನು ಇಷ್ಟೇ ಅಂತ ಡಾಕ್ಟರು. ಕುರ್ಚಿಯಿಂದಲೇ ಕಾಲ ಹೆಬ್ಬೆರಳು ಚಾಚಿ ಟೈಲ್ಸ್ ಉಜ್ಜಿ ನೋಡಿ, ಪರವಾಗಿಲ್ಲ ಅಂದಳು. ಮಂಚ ಮಾತ್ರ ಬೇಡವಂತೆ.

"ಅಷ್ಟೆತ್ತರದಲ್ಲಿ ಮಲಗಿಸಿ ಊರೋರನ್ನ ಸಾಲು ನಿಲ್ಲಿಸ್ತೀಯಾ?"

ತಾನೇ ನಕ್ಕಳು. ನಾನೂ ಅಕ್ಕನೂ ನಕ್ಕೆವು. ದಿನವಿಡೀ ಬಣ್ಣವಿಲ್ಲದ ಗೋಡೆಗೆ ಬೆನ್ನುಕೊಟ್ಟು ಕಡಲೆಕಾಯಿ ಸುಲಿಯುತ್ತಾ ಕೂರುತ್ತಾಳೆ. ಬಾದುವಾ ಚಿಕ್ಕಮ್ಮ ಆ ಕಡೆ ನೋಡದೇ ಹಾದುಹೋಗುತ್ತಾರೆ.

ಆಗಸ್ಟ್ 14

ಸೋದರಮಾವ ಬಂದು ದಿನ ಗೊತ್ತುಮಾಡಿ ಹೋದರು. ಎದೆಯಲ್ಲಿ ಕಫ ಕಟ್ಟಿತ್ತು ಅಂತ ಕೇಳಿದವರಿಗೆಲ್ಲ ಹೇಳಿ ಹೇಳಿ ಬಾಯಿ ಒಣಗಿದೆ. ಅಮ್ಮ ಶವಾಗಾರದಲ್ಲಿದ್ದಾಳೆ. ಜನ ಸೇರುವ ಮೊದಲು ಮುಂದಿನ ಗೋಡೆ ಮುಗಿಯಲೇಬೇಕಂತೆ, ಇಲ್ಲದಿದ್ದರೆ ಕುಟುಂಬಕ್ಕೇ ಅವಮಾನವಂತೆ. ಮಾತು ಕೊಟ್ಟಿದ್ದೇನೆ ಅಂದೆ. ಮಾವ ನನ್ನ ತಲೆ ಸವರಿದರು, ಅಷ್ಟೆ.

ಮೇಸ್ತ್ರಿ ಏಣಿ ಒರಗಿಸಿಕೊಂಡು ಕಾಯುತ್ತಿದ್ದಾನೆ. ಯಾವ ಬಣ್ಣ ಅಂತ ಆಗಲೇ ಎರಡು ಸಲ ಕೂಗಿ ಕೇಳಿದ. ಎದ್ದು ಹೋಗಿ ಹೇಳಬೇಕು. ಹೇಳಿಬಿಟ್ಟರೆ ಅಮ್ಮ ನಿಜವಾಗಿ —