ಹಡಗಿನ ಬೆಕ್ಕು

ಕಾರ್ನ್‌ವಾಲ್, ೧೬೬೭

ಜೋರಿ ಅಣ್ಣಾ,

ಹಡಗಿನ ಜೊತೆ ಮುಳುಗಿದವನಿಗೆ ಕಾಗದ ಬರೆಯೋದು ಹುಚ್ಚೇ ಸರಿ. ಆದರೂ ಕೇಳು.

ಮೊನ್ನೆ ಜನ ಬಿಟ್ಟುಹೋದ ಹಡಗೊಂದು ನಮ್ಮ ಬಂಡೆಗಳ ಹತ್ತಿರ ಮುಳುಗುತ್ತಿತ್ತು. ಸರಕು ಇಳಿಸಲು ಅದನ್ನು ಹತ್ತಿದೆವು. ಕಾನೂನು ನಿನಗೆ ಗೊತ್ತಲ್ಲ: ಮನುಷ್ಯ, ನಾಯಿ, ಬೆಕ್ಕು, ಹಡಗಿನಲ್ಲಿ ಒಂದು ಜೀವ ಉಳಿದಿದ್ದರೂ ಸರಕು ನಮ್ಮದಲ್ಲ. ಕೆಳಗಿನ ಕೋಣೆಯಲ್ಲಿ ಬೆಕ್ಕೊಂದು ಬಂದು ನನ್ನ ಕಾಲಿಗೆ ಮೈ ಉಜ್ಜಿತು.

“ಏನಾದ್ರೂ ಉಸಿರಾಡ್ತಿದೆಯೇನೋ?” ಡಿಗರಿ ಮಾವ ಮೇಲಿಂದ ಕೂಗಿದ. “ಇದ್ರೆ ಕತ್ತು ಹಿಸುಕಿ ಆಮೇಲೆ ಇಲ್ಲ ಅನ್ನು!”

“ಇಲ್ಲ ಮಾವ,” ಅಂದು ಅದನ್ನು ಅಂಗಿಯೊಳಗೆ ತುರುಕಿಕೊಂಡೆ.

ಈಗ ಅದು ಮನೆಯಲ್ಲಿರೋ ನಿನ್ನ ಬಟ್ಟೆ ಪೆಟ್ಟಿಗೆಯಲ್ಲಿದೆ. ಯಾರ ಕಣ್ಣಿಗೆ ಬಿದ್ದರೂ ಇಡೀ ಊರಿನ ಪಾಲು ಹೋಗುತ್ತೆ. ಅದು ಹಲಗೆ ಕೆರೆದಾಗಲೆಲ್ಲ ಅಮ್ಮ ಎದ್ದು ಬೀದಿಬಾಗಿಲು ತೆಗೆಯುತ್ತಾಳೆ.

“ಜೋರಿ ಬಂದ ಕಣೋ!”

ಬೆಕ್ಕು ಅಂತ ಹೇಳಿದರೆ ಗುಟ್ಟು ಅವಳ ಬಾಯಲ್ಲಿ ನಿಲ್ಲಲ್ಲ. ಅದಕ್ಕೇ ನಾನೂ ಎದ್ದುಹೋಗಿ ಅವಳ ಪಕ್ಕ ಹೊಸ್ತಿಲಲ್ಲಿ ನಿಂತು ನಿನ್ನ ದಾರಿ ನೋಡುತ್ತೇನೆ.