ಪೆಪ್ಪರ್‌ಮಿಂಟ್ ಕರಗುವವರೆಗೆ

ಅಧ್ಯಾಪಕರ ಕೊಠಡಿ,
ಸೆಪ್ಟೆಂಬರ್ ೧೮, ಬುಧವಾರ

ಮುದ್ದಿನ ಮಗಳೇ,

ಹೇಗಿದ್ದೀಯ? ನೆಗಡಿ ಬಿಟ್ಟಿತೇ? ಹಾಸ್ಟೆಲಿನ ಕಿಟಕಿ ಮುಚ್ಚಿಕೊಂಡು ಮಲಗು. ನಾಲ್ಕು ವಾರಗಳಿಂದ ನೀನು ಫೋನಿನಲ್ಲಿ ಅಮ್ಮನ ಜೊತೆ ಮಾತ್ರ ಮಾತಾಡುತ್ತೀಯ. ನನ್ನ ಪಾಲಿಗೆ 'ಅಪ್ಪನ್ನ ಕೇಳಿದೆ ಅಂತ ಹೇಳು' ಎಂಬ ಒಂದೇ ಸಾಲು. ನೀನು ನನ್ನ ಜೊತೆ ಮತ್ತೆ ಮಾತಾಡಬೇಕು, ಅದಕ್ಕೇ ಈ ಕಾಗದ.

ಮೊದಲು ನನ್ನ ಇಂಗ್ಲಿಷ್ ತರಗತಿಯ ಸುದ್ದಿ ಕೇಳು. ನಲವತ್ತು ಮಂದಿ ವಿದ್ಯಾರ್ಥಿಗಳು, ಒಬ್ಬರೂ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಧೈರ್ಯವಾಗಿ ಮಾತಾಡಿ, ತಪ್ಪಾದರೆ ನಾನಿದ್ದೇನೆ ಎಂದು ದಿನವೂ ಹುರಿದುಂಬಿಸುತ್ತಿದ್ದೆ. ಕೊನೆಗೆ ಕಿಟಕಿ ಪಕ್ಕದ ಹುಡುಗಿ ಎದ್ದು ನಿಂತಳು. 'ಸಾರ್, ನೀವಿದ್ದೀರಲ್ಲ, ಅದೇ ಭಯ. ನಾವು ಎರಡು ಪದ ಹೇಳೋದ್ರೊಳಗೆ ತಿದ್ದಿಬಿಡ್ತೀರ. ಹೇಳಬೇಕಿದ್ದದ್ದೇ ಮರೆತುಹೋಗುತ್ತೆ' ಎಂದಳು. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನನಗೆ ಮೂಗಿನ ತುದಿಯಲ್ಲೇ ಕೋಪ, ನಿನಗೆ ಗೊತ್ತಲ್ಲ. ಆದರೆ ಅವಳು ಹೇಳಿದ್ದು ಸುಳ್ಳು ಅನ್ನಲು ಬಾಯಿ ಬರಲಿಲ್ಲ.

ಮರುದಿನ ಕೊನೆಯ ಬೆಂಚಿನಲ್ಲಿ ಕೂತು ಒಂದು ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡೆ. ಅದು ಕರಗುವವರೆಗೆ ಮೇಷ್ಟ್ರು ಮಾತಾಡುವಂತಿಲ್ಲ, ಅದನ್ನು ಕಡಿಯುವಂತೆಯೂ ಇಲ್ಲ ಎಂದು ನಾನೇ ಶರತ್ತು ಹಾಕಿಕೊಂಡೆ. ಮೊದಲ ದಿನ ಕ್ರಿಯಾಪದಗಳು ಕಣ್ಣೆದುರೇ ಕೈಕಾಲು ಮುರಿದುಕೊಂಡು ಬೀಳುತ್ತಿದ್ದವು. ನಾನು ಬೆಂಚನ್ನು ಗಟ್ಟಿಯಾಗಿ ಹಿಡಿದು ಕೂತೆ. ಅದೇ ಹುಡುಗಿ, ತನ್ನ ತಾಯಿ ಲಿಫ್ಟ್ ರಿಪೇರಿ ಕಲಿತ ಕಥೆ ಹೇಳಿದಳು. ಏಳು ತಪ್ಪಿನವರೆಗೆ ಎಣಿಸಿದೆ, ಆಮೇಲೆ ಆ ತಾಯಿ ಮೂರನೇ ಮಹಡಿಯಲ್ಲಿ ಸಿಕ್ಕಿಹಾಕಿಕೊಂಡಳು ನೋಡು, ಎಣಿಕೆಯೇ ಮರೆತುಹೋಯಿತು. ಈಗ ತಿದ್ದುವುದನ್ನೆಲ್ಲ ಚೀಟಿಯಲ್ಲಿ ಬರೆದು ಕೊನೆಗೆ ಕೈಗೆ ಕೊಡುತ್ತೇನೆ. ಗಂಟೆ ಹೊಡೆದರೂ ಯಾರೂ ಏಳುವುದಿಲ್ಲ. ನಿಮ್ಮ ತರಗತಿಯ ಗಲಾಟೆ ತಡೆಯಲಾಗುತ್ತಿಲ್ಲ ಎಂದು ಪಕ್ಕದ ಕೊಠಡಿಯ ಗಣಿತದವರು ದೂರು ಕೊಟ್ಟಿದ್ದಾರೆ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ನನ್ನ ಮೇಲೆ ಬಂದ ಮೊದಲ ದೂರು, ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದೇನೆ.

ಅಮ್ಮ ಚೆನ್ನಾಗಿದ್ದಾಳೆ. ನಾನು ಮನೆಯಲ್ಲೂ ಸುಮ್ಮನಿರುವುದನ್ನು ಕಂಡು, ಜ್ವರವೇನೋ ಎಂದು ಹಣೆ ಮುಟ್ಟಿ ನೋಡಿದಳು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಎಲ್ಲವೂ ಒಳ್ಳೆಯದಾಗಲಿ, ಕಂದ.

ನಿನ್ನ
ಬಾಯಿಬಡುಕ ಅಪ್ಪ

ಮರೆತ ಮಾತು, ನಿಜಕ್ಕೂ ಮರೆತದ್ದಲ್ಲ: ಹೊರಡುವ ದಿನ ಬಸ್ಸಿನ ಕಿಟಕಿಯಿಂದ ನೀನು 'ಅಪ್ಪಾ, ಈ ಕೋರ್ಸು ನನಗೆ...' ಎಂದೆ. ನಾನು 'ಎಲ್ಲ ಸರಿಹೋಗುತ್ತೆ, ಚೆನ್ನಾಗಿ ಓದು' ಎಂದು ನಿನ್ನ ಬಾಯಿ ಮುಚ್ಚಿಸಿದೆ. ತಪ್ಪು ನನ್ನದು, ಮಗಳೇ. ಭಾನುವಾರ ಫೋನನ್ನು ನಾನೇ ಎತ್ತುತ್ತೇನೆ. ಆ ವಾಕ್ಯವನ್ನು ಮುಗಿಸು. ಅದು 'ಬೇಡ' ಎಂದೇ ಮುಗಿದರೂ ಸರಿ, ಕೇಳುತ್ತೇನೆ.